ಗುಂಟೆಗೆ ಎಷ್ಟು ಅಂತ ಕೇಳುವ ಮೊದಲು

ಭಾನುವಾರ ಬಂತೆಂದರೆ ನಮ್ಮ ಮನೆ ಮುಂದೆ ಒಂದಾದರೂ ಕಾರು ಬಂದು ನಿಲ್ಲುತ್ತದೆ. ನಮ್ಮ ಮನೆಯವರ ಹಳೆಯ ಸ್ನೇಹಿತರೋ, ನನ್ನ ಜೊತೆ ಸ್ಕೂಲಿನಲ್ಲಿದ್ದವರೋ, ಅವರ ಅಳಿಯಂದಿರೋ, ನಮ್ಮ ಹಾಗೆ ಬೆಂಗಳೂರು ಬಿಟ್ಟು ಹಳ್ಳಿ ಕಡೆ ಜಾಗ ಕೊಂಡು ಮನೆ ಕಟ್ಟುವ ಆಸೆ ಇರುವವರು. ಕಾಫಿ ಕುಡಿಯುತ್ತಾರೆ, ಜಗಲಿ ಮೇಲೆ ನಿಂತು ದೂರದ ಸಾವನದುರ್ಗದ ಫೋಟೊ ತೆಗೆಯುತ್ತಾರೆ, ನಿಂಬೆಗಿಡದಿಂದ ನಾಲ್ಕು ಕಾಯಿಯನ್ನು ಕೇಳದೆಯೇ ಕೀಳುತ್ತಾರೆ. ಆಮೇಲೆ ಆ ಪ್ರಶ್ನೆ: “ಇಲ್ಲಿ ಗುಂಟೆಗೆ ಎಷ್ಟಿದೆ ಮೇಡಂ?”

ಮೂವತ್ತೊಂದು ವರ್ಷ ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಟ್ಟವಳು ನಾನು. ಲೆಕ್ಕವನ್ನು ಕೊನೆಯ ಸಾಲಿನಿಂದ ಶುರುಮಾಡುವ ಹುಡುಗರನ್ನು ಕಂಡರೆ ಆಗ ಎಷ್ಟು ಸಿಟ್ಟು ಬರುತ್ತಿತ್ತೋ ಈಗಲೂ ಅಷ್ಟೇ ಬರುತ್ತದೆ. ಗುಂಟೆಯ ರೇಟು ಕೊನೆಯ ಸಾಲು. ಅದಕ್ಕೆ ಮುಂಚಿನ ಸಾಲುಗಳನ್ನು ಪ್ರತಿ ಭಾನುವಾರ ಬಾಯಲ್ಲಿ ಹೇಳಿ ಹೇಳಿ ಸಾಕಾಗಿ ಇಲ್ಲಿ ಬರೆದಿಡುತ್ತಿದ್ದೇನೆ.

ಮೊದಲ ಸಾಲು: ಯಾಕೆ?

ಗಂಡ ಒಂದು ಹಾಳೆ, ಹೆಂಡತಿ ಒಂದು ಹಾಳೆ ತೆಗೆದುಕೊಂಡು, ಒಬ್ಬರದು ಇನ್ನೊಬ್ಬರು ನೋಡದ ಹಾಗೆ, ಬೆಂಗಳೂರು ಬಿಟ್ಟು ಯಾಕೆ ಹೋಗಬೇಕು ಅಂತ ಬರೆಯಿರಿ. ನಾವು ಬರೆದದ್ದು 2021ರಲ್ಲಿ, ರಾಜಾಜಿನಗರದ ಬಾಡಿಗೆ ಮನೆಯ ಅಡುಗೆಕೋಣೆಯಲ್ಲಿ. ಇಪ್ಪತ್ತಾರು ವರ್ಷ ಇದ್ದ ಮನೆ. ನಾನು ಬರೆದದ್ದು, “ಓನರ್ ಮನೆ ಒಡೆಸಿ ನಾಲ್ಕು ಮಹಡಿ ಎಬ್ಬಿಸ್ತಾರೆ. ಈ ವಯಸ್ಸಲ್ಲಿ ಮತ್ತೆ ಬಾಡಿಗೆ ಮನೆ ಹುಡುಕೋಕೆ ನನ್ನ ಕೈಲಿ ಆಗಲ್ಲ.” ಪ್ರಿಂಟಿಂಗ್ ಪ್ರೆಸ್ಸಿನ ಇಂಕು, ಕಾಗದದ ಧೂಳಿನಲ್ಲೇ ಜೀವನ ಕಳೆದ ನಮ್ಮ ಮನೆಯವರು ಬರೆದದ್ದು ಒಂದೇ ಪದ: “ಕೆಮ್ಮು.”

ಎರಡು ಹಾಳೆಯಲ್ಲೂ ‘ತೋಟ’ ಅನ್ನುವ ಪದ ಇರಲಿಲ್ಲ, ‘ಬೇಸಾಯ’ ಇರಲಿಲ್ಲ. ಹಾಗಾಗಿಯೇ ನಾವು ಬಚಾವಾದೆವು. ಬ್ರೋಕರ್ ತೋರಿಸುತ್ತಿದ್ದದ್ದೆಲ್ಲ ಒಂದೆಕರೆ, ಎರಡೆಕರೆ. “ಈಗ ಯಾರು ಬೇಕಾದ್ರೂ ಜಮೀನು ತಗೋಬಹುದು ಅಮ್ಮ, ಕಾಯ್ದೆ ಬದಲಾಗಿದೆ” ಅನ್ನುತ್ತಿದ್ದ. ಅವನು ಹೇಳಿದ್ದು ನಿಜ. 2020ರಲ್ಲಿ ಭೂಸುಧಾರಣಾ ಕಾಯ್ದೆಯ 79ಎ, 79ಬಿ ಕಲಂಗಳನ್ನು ತೆಗೆದುಹಾಕಿದ ಮೇಲೆ, ರೈತರಲ್ಲದವರು ಕೃಷಿ ಜಮೀನು ಕೊಳ್ಳಲು ಇದ್ದ ಅಡ್ಡಿ ಹೋಯಿತು. ಆದರೆ ತೆಗೆದುಕೊಳ್ಳಬಹುದು ಅನ್ನುವುದು ಬೇರೆ, ನಮಗೆ ಬೇಕು ಅನ್ನುವುದು ಬೇರೆ. ನಮಗೆ ಬೇಕಾದದ್ದು ಒಂದು ಸೂರು, ಒಳ್ಳೆಯ ಗಾಳಿ. ಅದಕ್ಕೆ ಹತ್ತು ಗುಂಟೆ ಧಾರಾಳ. ಗುಂಟೆಗೆ 1,089 ಚದರ ಅಡಿ. ಹತ್ತು ಗುಂಟೆ ಅಂದರೆ ನಗರದ ಒಂಬತ್ತು 30x40 ಸೈಟಿಗಿಂತ ಸ್ವಲ್ಪ ಜಾಸ್ತಿ. ಅಷ್ಟರಲ್ಲಿ ಕಳೆ ಕೀಳುವುದೇ ನನಗೆ ಈಗ ದಿನದ ಕೆಲಸ. ಎರಡೆಕರೆ ಆಗಿದ್ದರೆ ಕಳೆಯೇ ನನ್ನನ್ನು ಕೀಳುತ್ತಿತ್ತು.

ಕೆಮ್ಮು ಅಂತ ಬರೆದ ಮೇಲೆ ಜಾಗ ನೋಡುವ ರೀತಿಯೇ ಬೇರೆಯಾಯಿತು. ಒಂದು ಜಾಗ ನನಗೆ ಬಹಳ ಹಿಡಿಸಿತ್ತು: ಇಳಿಜಾರು, ಎದುರಿಗೆ ಕೆರೆ, ದಂಡೆಯ ಮೇಲೆ ಸಾಲು ಹೊಂಗೆ. ನಮ್ಮ ಮನೆಯವರು ಹೊಂಗೆಯ ಒಂದು ಎಲೆ ಕಿತ್ತು, ಬಿಳಿ ಕರ್ಚೀಫಿನಲ್ಲಿ ಒರೆಸಿ ತೋರಿಸಿದರು. ಬೂದು ಬಣ್ಣದ ಹಿಟ್ಟು. ಗುಡ್ಡದ ಹಿಂದೆ ಜಲ್ಲಿ ಕ್ರಷರ್ ಇತ್ತು. ಭಾನುವಾರ ರಜೆ ಆದ್ದರಿಂದ ನಮಗೆ ಸದ್ದು ಕೇಳಿಸಿರಲಿಲ್ಲ. ನಮ್ಮ ಕಡೆ ಎಲ್ಲ ಕರಿಕಲ್ಲಿನ ನೆಲ, ಕ್ವಾರಿ ಕ್ರಷರ್ ಎಲ್ಲಿ ಬೇಕಾದರೂ ಇರಬಹುದು. ಅದಕ್ಕೇ ಜಾಗವನ್ನು ವಾರದ ದಿನ ನೋಡಬೇಕು. ಬೆಳಿಗ್ಗೆ ಒಂದು ಸಲ, ಸಂಜೆ ಕತ್ತಲಾದ ಮೇಲೆ ಒಂದು ಸಲ. ಕೋಳಿ ಫಾರಂ ಇದ್ದರೆ ಸಂಜೆಯ ಗಾಳಿಯೇ ಹೇಳುತ್ತದೆ.

ಬೇರೆಯವರ ಕಾರಣ ಬೇರೆ ಇರುತ್ತದೆ, ಅದಕ್ಕೆ ತಕ್ಕ ಜಾಗವೂ ಬೇರೆ. 2024ರ ಬೇಸಿಗೆ ಆದ ಮೇಲೆ ಬಂದವರೆಲ್ಲ ನೀರಿನ ಮಾತೇ ಆಡುತ್ತಿದ್ದರು. ಆ ಮಾರ್ಚಿನಲ್ಲಿ ನಗರ ಜಿಲ್ಲಾಡಳಿತವೇ ಟ್ಯಾಂಕರಿಗೆ ದರ ಕಟ್ಟಬೇಕಾಗಿ ಬಂದಿತ್ತು, 5 ಕಿ.ಮೀ. ಒಳಗೆ 12,000 ಲೀಟರಿಗೆ 1,000 ರೂಪಾಯಿ ಅಂತ. ನೀರಿಗಾಗಿ ಬರುವವರು ಮೊದಲು ಅಂತರ್ಜಲ ನೋಡಬೇಕು, ಬೆಟ್ಟದ ನೋಟವನ್ನಲ್ಲ. ವಾರಕ್ಕೆ ಎರಡು ದಿನ ಆಫೀಸಿಗೆ ಹೋಗುವವರು ಕಿಲೋಮೀಟರ್ ಲೆಕ್ಕ ಬಿಟ್ಟು, ಸೋಮವಾರ ಬೆಳಿಗ್ಗೆ ಎಂಟಕ್ಕೆ ಜಾಗದಿಂದಲೇ ಹೊರಟು, ಸುಮನಹಳ್ಳಿ ಜಂಕ್ಷನ್ ದಾಟಿ ಆಫೀಸಿನ ಗೇಟು ಮುಟ್ಟಿ ಗಡಿಯಾರ ನೋಡಬೇಕು. ಚಿಕ್ಕ ಮಕ್ಕಳಿರುವವರು ಸ್ಕೂಲು ನೋಡಬೇಕು. ನಮ್ಮ ಪಕ್ಕದ ಊರಿಗೆ ಬಂದಿದ್ದ ಸಾಫ್ಟ್‌ವೇರ್ ದಂಪತಿ ಹದಿನಾಲ್ಕು ತಿಂಗಳಿಗೆ ವಾಪಸ್ ಹೋದರು. ನೀರಿಲ್ಲದೆಯೂ ಅಲ್ಲ, ಹಾವಿಗೆ ಹೆದರಿಯೂ ಅಲ್ಲ. ಮಗಳಿಗೆ ಆಟಕ್ಕೆ ಒಂದು ಮಗುವೂ ಇರಲಿಲ್ಲ. ಆ ಹುಡುಗಿ ನಮ್ಮ ಮನೆಗೆ ಬಂದು ನನ್ನ ಜೊತೆ ಚೌಕಾಬಾರ ಆಡುತ್ತಿದ್ದಳು.

ಇನ್ನು “ರೋಡು ಬರತ್ತೆ, ರೇಟು ಏರತ್ತೆ” ಅನ್ನುವವರು. ಉಪನಗರ ವರ್ತುಲ ರಸ್ತೆ ದಾಬಸ್‌ಪೇಟೆ, ದೊಡ್ಡಬಳ್ಳಾಪುರ, ದೇವನಹಳ್ಳಿ, ಹೊಸಕೋಟೆ, ಆನೇಕಲ್, ಕನಕಪುರ, ರಾಮನಗರ, ಮಾಗಡಿ ಎಲ್ಲವನ್ನೂ ಸುತ್ತುವುದರಿಂದ ಈ ಮಾತು ಎಲ್ಲ ದಿಕ್ಕಿನಲ್ಲೂ ಕೇಳಿಸುತ್ತದೆ. ಅವರಿಗೆ ನಾನು ಹೇಳುವುದು ಇಷ್ಟೇ: ನೀವು ಮನೆ ಕಟ್ಟಲು ಬರುತ್ತಿಲ್ಲ, ಈ ಬರಹ ನಿಮಗಲ್ಲ. ಬೇಲಿ ಹಾಕಿದ ಮೇಲೆ ವರ್ಷಕ್ಕೊಮ್ಮೆಯಾದರೂ ಬಂದು ಪಾರ್ಥೇನಿಯಂ ಕೀಳಿಸಿ. ನಿಮ್ಮ ಖಾಲಿ ಜಾಗದ ಬೀಜ ಹಾರಿ ಬರುವುದು ನಮ್ಮ ಅಂಗಳಕ್ಕೆ.

ಅಂಚಿನಲ್ಲಿ ನಿಲ್ಲಬೇಡಿ

ಇದು ನನ್ನ ಸ್ವಂತ ಅಭಿಪ್ರಾಯ, ಜಗಳಕ್ಕೆ ಬರುವವರು ಬರಬಹುದು. ನಗರ ಎಲ್ಲಿ ಮುಗಿಯುತ್ತದೋ ಅಲ್ಲಿ ಜಾಗ ತೆಗೆದುಕೊಳ್ಳುವುದು ಎಲ್ಲಕ್ಕಿಂತ ಕೆಟ್ಟ ಆಯ್ಕೆ. 2007ರಲ್ಲಿ ಬಿಬಿಎಂಪಿ ಆದಾಗ ಸುತ್ತಲಿನ 110 ಹಳ್ಳಿಗಳನ್ನು ಒಳಗೆ ಸೇರಿಸಿದರು. ಶಾಂತಿ ಬೇಕು ಅಂತ ಆ ಹಳ್ಳಿಗಳಲ್ಲಿ ಮನೆ ಕಟ್ಟಿದವರಿಗೆ ನಗರದ ತೆರಿಗೆ ಬಂತು, ನಗರದ ಟ್ರಾಫಿಕ್ ಬಂತು. ಆ ಹಳ್ಳಿಗಳಿಗೆ ಕುಡಿಯುವ ನೀರು ತರುವ ಕಾವೇರಿ ಐದನೇ ಹಂತಕ್ಕೆ ಚಾಲನೆ ಸಿಕ್ಕಿದ್ದು 2024ರ ಅಕ್ಟೋಬರಿನಲ್ಲಿ. ಹದಿನೇಳು ವರ್ಷ. ಅಷ್ಟು ವರ್ಷ ಅವರು ಪಟ್ಟಣದವರೂ ಅಲ್ಲ, ಹಳ್ಳಿಯವರೂ ಅಲ್ಲ, ಟ್ಯಾಂಕರಿನವರು. ಹೋಗುವುದಾದರೆ ಗ್ರಾಮ ಪಂಚಾಯಿತಿ ಇನ್ನೂ ಕೆಲವು ಕಾಲ ಗ್ರಾಮ ಪಂಚಾಯಿತಿಯಾಗಿಯೇ ಇರುವಷ್ಟು ದೂರ ಹೋಗಿ.

ಹಾಗೇ, ಹುಡುಕುವ ದಿಕ್ಕಿನಲ್ಲಿ ಯಾವ ನಿರ್ಬಂಧ ಇದೆ ಅಂತ ಮೊದಲೇ ತಿಳಿದುಕೊಳ್ಳಿ. ಮಾಗಡಿ, ನೆಲಮಂಗಲ, ದೊಡ್ಡಬಳ್ಳಾಪುರದ ಕಡೆ ಅರ್ಕಾವತಿ, ಕುಮುದ್ವತಿ ಹರಿದು ತಿಪ್ಪಗೊಂಡನಹಳ್ಳಿ ಜಲಾಶಯ ಸೇರುವ ಪ್ರದೇಶಕ್ಕೆ 2003ರಲ್ಲೇ ಸರ್ಕಾರ ಕಟ್ಟಡಗಳ ಮೇಲೆ ನಿರ್ಬಂಧ ಹಾಕಿತ್ತು, ಆಮೇಲೆ ಅದನ್ನು ಬದಲಿಸಿತು. ಆನೇಕಲ್, ಕನಕಪುರ ರಸ್ತೆಯ ಕಡೆ ಬನ್ನೇರುಘಟ್ಟದ ಪರಿಸರ ಸೂಕ್ಷ್ಮ ವಲಯ ಇದೆ; 2020ರ ಅಧಿಸೂಚನೆಯ ಪ್ರಕಾರ 168.84 ಚದರ ಕಿ.ಮೀ. ನಿಮ್ಮ ಸರ್ವೆ ನಂಬರ್ ಇವುಗಳ ಒಳಗೋ ಹೊರಗೋ, ಯಾವುದಾದರೂ ಭೂಸ್ವಾಧೀನದ ಪಟ್ಟಿಯಲ್ಲಿದೆಯೋ ಅಂತ ಯೋಜನಾ ಪ್ರಾಧಿಕಾರದಲ್ಲೂ ತಾಲ್ಲೂಕು ಕಚೇರಿಯಲ್ಲೂ ಬರವಣಿಗೆಯಲ್ಲಿ ಕೇಳಿ. ಬಾಯಿಮಾತಿನ ಉತ್ತರ ಉತ್ತರವೇ ಅಲ್ಲ.

ಮೂರು ಬಗೆಯ ನೆಲ

ಹಳ್ಳಿ ಕಡೆ ಸೈಟು ಅಂತ ನಿಮಗೆ ತೋರಿಸುವುದು ಮೂರು ಬಗೆ. ಒಂದು, ಗ್ರಾಮಠಾಣಾ ಒಳಗಿನ ನಿವೇಶನ. ಊರಿನ ಒಳಗಿನ ಹಳೆಯ ಮನೆಗಳ ಜಾಗ. ಇ-ಸ್ವತ್ತಿನಲ್ಲಿ, ಅಂದರೆ ಪಂಚಾಯಿತಿಯ ಆನ್‌ಲೈನ್ ಆಸ್ತಿ ದಾಖಲೆಯಲ್ಲಿ, ನಮೂನೆ 9, ನಮೂನೆ 11ಎ ಬರುತ್ತದೆ. ಎರಡು, ಕೃಷಿ ಜಮೀನನ್ನು ಭೂ ಕಂದಾಯ ಕಾಯ್ದೆಯ 95ನೇ ಕಲಂ ಪ್ರಕಾರ ಜಿಲ್ಲಾಧಿಕಾರಿಯ ಆದೇಶದ ಮೇಲೆ ವಾಸಕ್ಕೆ ಪರಿವರ್ತನೆ ಮಾಡಿಸಿದ್ದು. ಜನ ಇದನ್ನು ‘ಡಿ.ಸಿ. ಕನ್ವರ್ಷನ್’ ಅನ್ನುತ್ತಾರೆ. ಇದರ ಮೇಲೆ ಯೋಜನಾ ಪ್ರಾಧಿಕಾರದ ನಕ್ಷೆ ಮಂಜೂರಾತಿಯೂ ಬೇಕು. ಬರೀ ಆದೇಶ ತೋರಿಸಿ ಐವತ್ತು ಸೈಟು ಮಾಡಿ ಮಾರುವವರಿಂದ ದೂರ ಇರಿ. ಮೂರು, ಇನ್ನೂ ಪಹಣಿಯಲ್ಲೇ (ಕಂದಾಯ ಇಲಾಖೆಯ ಜಮೀನು ದಾಖಲೆ) ಇರುವ ಕೃಷಿ ಜಮೀನು. ಅದರಲ್ಲಿ ಕಟ್ಟಬಹುದಾದದ್ದು ಬೇಸಾಯಕ್ಕೆ ಬೇಕಾದ ತೋಟದ ಮನೆ, ಅದೂ ಹಿಡುವಳಿಯ ಶೇ 10ರ ಮಿತಿಯೊಳಗೆ.

ಈ ಮೂರಕ್ಕೂ ಸೇರದೆ, ಅನಧಿಕೃತ ಆಸ್ತಿಗೆ ಪಂಚಾಯಿತಿ ಕೊಡುವ ನಮೂನೆ 11ಬಿ ಹಿಡಿದುಕೊಂಡು “ಎಲ್ಲಾ ಕ್ಲಿಯರ್ ಇದೆ ಸಾರ್” ಅನ್ನುವವರೂ ಸಿಗುತ್ತಾರೆ. 11ಬಿ ಕಂಡರೆ ಬ್ಯಾಂಕಿನವರು ಮುಖ ತಿರುಗಿಸುತ್ತಾರೆ. ಅವರು ಯಾಕೆ ತಿರುಗಿಸಿದರು ಅಂತ ನೀವೂ ಒಂದು ನಿಮಿಷ ಯೋಚಿಸಿ.

ನಾವು ಎರಡನೆಯದನ್ನು ಆರಿಸಿದೆವು. ಪರಿವರ್ತನೆಯಾದ ಹತ್ತು ಗುಂಟೆ, ದಾಖಲೆಯಲ್ಲಿ ಒಬ್ಬರೇ ಮಾಲೀಕರು.

ಕಾಗದ ಓದುವುದು

ವಕೀಲರಿಗೆ ಕೊಡಬೇಕು, ಸಂಶಯವೇ ಇಲ್ಲ. ಆದರೆ ಜಾಗ ತೋರಿಸಿದವರ ವಕೀಲರಿಗಲ್ಲ. ಕೊಡುವ ಮುಂಚೆ ನೀವೇ ಒಂದು ಸಲ ಓದಿ. ಕಷ್ಟ ಏನಿಲ್ಲ, ಎಲ್ಲ ಕನ್ನಡದಲ್ಲೇ ಇರುತ್ತದೆ. ಪಹಣಿಯ 9ನೇ ಕಾಲಂನಲ್ಲಿ ಮಾಲೀಕರ ಹೆಸರು, 10ರಲ್ಲಿ ಅದು ಅವರಿಗೆ ಹೇಗೆ ಬಂತು, 11ರಲ್ಲಿ ಸಾಲ, ತಡೆಯಾಜ್ಞೆ ಇತ್ಯಾದಿ. ಜನ 9 ನೋಡಿ ಖುಷಿಯಾಗಿ ಮನೆಗೆ ಹೋಗುತ್ತಾರೆ. ನೀವು 10 ಮತ್ತು 11ರ ಮೇಲೆ ಬೆರಳಿಟ್ಟು ಓದಿ.

10ರಲ್ಲಿ ‘ದರಖಾಸ್ತು’, ‘ಮಂಜೂರು’ ಅಂತೇನಾದರೂ ಕಂಡರೆ ಅಲ್ಲೇ ನಿಲ್ಲಿ. ಪರಿಶಿಷ್ಟ ಜಾತಿ, ಪಂಗಡದವರಿಗೆ ಸರ್ಕಾರ ಮಂಜೂರು ಮಾಡಿದ ಜಮೀನನ್ನು ಸರ್ಕಾರದ ಅನುಮತಿ ಇಲ್ಲದೆ ಮಾರಿದ್ದರೆ 1978ರ ಪಿಟಿಸಿಎಲ್ ಕಾಯ್ದೆ ಪ್ರಕಾರ ಆ ಮಾರಾಟ ಅಸಿಂಧು, ಜಮೀನು ಮೂಲ ಮಂಜೂರಿದಾರರ ಕುಟುಂಬಕ್ಕೇ ಹೋಗುತ್ತದೆ. 2023ರ ತಿದ್ದುಪಡಿ ಆದ ಮೇಲೆ “ಬಹಳ ವರ್ಷ ಆಯ್ತು, ಈಗ ಯಾರು ಕೇಳ್ತಾರೆ” ಅನ್ನುವ ಮಾತನ್ನು ನಂಬಿ ಕೂರುವ ಹಾಗಿಲ್ಲ. ಅದು ನ್ಯಾಯವೇ ಅಂತ ನನ್ನ ಅನಿಸಿಕೆ. ಆ ನೆಲ ನಮ್ಮಂಥವರ ಜಗಲಿಗೆ ಅಂತ ಕೊಟ್ಟದ್ದಲ್ಲ.

ಪಿತ್ರಾರ್ಜಿತ ಆಗಿದ್ದರೆ ವಂಶವೃಕ್ಷ ಕೇಳಿ, ಹೆಣ್ಣುಮಕ್ಕಳ ಹೆಸರು ಎಣಿಸಿ. ಮಗಳಿಗೂ ಮಗನಷ್ಟೇ ಹಕ್ಕು ಅಂತ 2005ರಲ್ಲಿ ಹಿಂದೂ ಉತ್ತರಾಧಿಕಾರ ಕಾಯ್ದೆಗೆ ತಿದ್ದುಪಡಿ ಆಯಿತು. ಆ ಹೊತ್ತಿಗೆ ತಂದೆ ಬದುಕಿರಬೇಕಿತ್ತೇ ಅನ್ನುವ ಗೊಂದಲವನ್ನು 2020ರಲ್ಲಿ ಸುಪ್ರೀಂ ಕೋರ್ಟು ಬಗೆಹರಿಸಿತು, ಬೇಕಿಲ್ಲ ಅಂತ. ನಮಗೆ ಜಾಗ ಕೊಟ್ಟವರು ತಂಗಿಯರ ಸಹಿ ಹಾಕಿಸಲು ಮೊದಲು ಒಪ್ಪಲಿಲ್ಲ. “ಅರಿಶಿನ ಕುಂಕುಮಕ್ಕೆ ಅಂತ ಕೊಟ್ಟಿದೀವಿ ಬುಡ್ರವ್ವ, ಅವ್ರು ಬರಾಕಿಲ್ಲ” ಅಂದರು. ನಾನೂ ಬರುವುದಿಲ್ಲ ಅಂದೆ. ಮೂರು ವಾರ ಕಳೆದು ಇಬ್ಬರು ತಂಗಿಯರೂ ಉಪನೋಂದಣಿ ಕಚೇರಿಗೆ ಬಂದರು. ಒಬ್ಬಾಕೆ ಸಹಿ ಮಾಡುವ ಮುಂಚೆ ಅಣ್ಣನ ಕಡೆ ನೋಡಿ, “ನನ್ನ ಪಾಲು ಎಲ್ಲಿ?” ಅಂತ ಎಲ್ಲರೆದುರೇ ಕೇಳಿದಳು. ಅಣ್ಣ ಹೊರಗೆ ಕರೆದುಕೊಂಡು ಹೋಗಿ ಮಾತಾಡಿ ಬಂದ ಮೇಲೆಯೇ ಪೆನ್ನು ಹಿಡಿದಳು. ನನಗೆ ಬಹಳ ಸಂತೋಷವಾಯಿತು.

ಇ.ಸಿ.ಯನ್ನು (ಋಣಭಾರ ಪ್ರಮಾಣಪತ್ರ) ಕನಿಷ್ಠ ಮೂವತ್ತು ವರ್ಷದ್ದು ತೆಗೆಸಿ. ಸರ್ವೆ ನಂಬರಿನ ಒಂದು ಭಾಗ ಕೊಳ್ಳುವುದಾದರೆ 11ಇ ನಕ್ಷೆ, ಅಂದರೆ ಆ ಭಾಗವನ್ನು ಅಳೆದು ಮಾಡಿದ ಸರ್ವೆ ನಕ್ಷೆ, ಇರಬೇಕು. ಪೋಡಿ ಆಗದ, ಅಂದರೆ ಅಳೆದು ಪಾಲು ಬೇರೆ ಮಾಡದ ಜಮೀನಿನಲ್ಲಿ “ಈ ಬೇಲಿಯಿಂದ ಆ ಬೇವಿನ ಮರದ ತನಕ ನಿಮ್ದು” ಅನ್ನುವುದಕ್ಕೆ ಬೆಲೆ ಇಲ್ಲ. ಪಹಣಿಯಲ್ಲಿ ‘ಬ ಖರಾಬು’ ಎಷ್ಟು ಗುಂಟೆ ಇದೆ ನೋಡಿ. ಅದು ಹಳ್ಳ, ದಾರಿ, ಸ್ಮಶಾನದಂಥ ಸಾರ್ವಜನಿಕ ಜಾಗ, ಮಾರುವವರದೂ ಅಲ್ಲ, ನಿಮ್ಮದೂ ಆಗುವುದಿಲ್ಲ. ಮುಂಗಡ ಕೊಡುವ ಮುಂಚೆ ಹದ್ದುಬಸ್ತಿಗೆ, ಅಂದರೆ ಗಡಿ ಗುರುತಿಸಲು, ಅರ್ಜಿ ಹಾಕಿಸಿ, ಸರ್ವೆಯವರು ಬಂದು ಅಕ್ಕಪಕ್ಕದವರ ಎದುರಿಗೆ ಅಳೆದು ಬಾಂದು ಕಲ್ಲು ತೋರಿಸಲಿ. ಅಕ್ಕಪಕ್ಕದವರು ಯಾರು, ಅವರ ಮುಖಭಾವ ಹೇಗಿದೆ ಅನ್ನುವುದೂ ಅವತ್ತೇ ತಿಳಿಯುತ್ತದೆ.

ನಾನು ಎಡವಿದ್ದು

ಇಷ್ಟೆಲ್ಲ ನೋಡಿದ ನಾನು ದಾರಿ ನೋಡಲಿಲ್ಲ.

ದಾರಿ ಇತ್ತು. ಪಂಚಾಯಿತಿ ಟಾರು ರಸ್ತೆಯಿಂದ ನಮ್ಮ ಜಾಗದ ತನಕ ಗಾಡಿ ಹೋಗುವ ಮಣ್ಣಿನ ಹಾದಿ, ಎರಡು ಚಕ್ರದ ಜಾಡು, ನಡುವೆ ಗರಿಕೆ. ಆರು ಸಲ ಅದೇ ಹಾದಿಯಲ್ಲಿ ಬಂದು ಹೋಗಿದ್ದೇವೆ. ಯಾರ ದಾರಿ ಅಂತ ಕೇಳಬೇಕು ಅಂತಲೇ ಹೊಳೆಯಲಿಲ್ಲ. ಬ್ರೋಕರ್, “ಇದು ಮೊದ್ಲಿಂದ್ಲೂ ಬಂಡಿ ದಾರಿ” ಅಂದಿದ್ದ.

ಕ್ರಯ ಆಯಿತು. ಪಾಯಕ್ಕೆ ಕಲ್ಲು ತುಂಬಿಕೊಂಡು ಲಾರಿ ಬಂದ ಬೆಳಿಗ್ಗೆ ಹಾದಿಗೆ ಅಡ್ಡವಾಗಿ ಮೂರು ಚಪ್ಪಡಿ ಕಲ್ಲು. ಪಕ್ಕದಲ್ಲಿ ಸೌದೆ ಹೊರೆ ಇಳಿಸಿಕೊಂಡು ಒಬ್ಬರು ಅಜ್ಜಿ ಕೂತಿದ್ದರು, ಎಲೆ ಅಡಿಕೆ ಮೆಲ್ಲುತ್ತಾ. ನಾನು, “ಅಜ್ಜಿ, ಕಲ್ಲು ಯಾರು ಹಾಕಿದ್ದು?” ಅಂದೆ.

“ನಾನೇ ಹಾಕ್ಸಿದ್ದು ಕನವ್ವ.”

“ದಾರಿ ಅಲ್ವಾ ಇದು?”

“ಬಂಡಿ ಹೋಗ್ತಿತ್ತು. ಸುಗ್ಗೀಲಿ ಒಂದ್ ಸತಿ, ಗೊಬ್ಬರ ಹೊಡೆಯಾಗ ಒಂದ್ ಸತಿ. ನಮ್ ಯಜಮಾನ್ರು ಬ್ಯಾಡ ಅಂದಿರ್ನಿಲ್ಲ. ಲಾರಿ ಹೋಗಾಕೆ ಬುಟ್ಟಿದ್ದಲ್ಲ.”

ಅಜ್ಜಿಯ ಮಾತಿನಲ್ಲಿ ತಪ್ಪು ಹುಡುಕಲು ನನ್ನಿಂದ ಇವತ್ತಿಗೂ ಆಗಿಲ್ಲ. ಗ್ರಾಮ ನಕಾಶೆ ತೆಗೆಸಿ ನೋಡಿದರೆ ಚುಕ್ಕಿ ಗೆರೆಯ ಬಂಡಿ ದಾರಿ ನಮ್ಮ ಜಾಗಕ್ಕೆ ನೂರೆಂಬತ್ತು ಅಡಿ ಆಚೆಯೇ ತಿರುಗಿ ಕೆರೆ ಕಡೆಗೆ ಹೋಗಿತ್ತು. ಉಳಿದ ನೂರೆಂಬತ್ತು ಅಡಿ ಅಜ್ಜಿಯ ಹಿಡುವಳಿ. ಮೊಬೈಲಿನಲ್ಲಿ ದಿಶಾಂಕ್ ಆ್ಯಪ್ ಹಾಕಿಕೊಂಡು ಆ ಹಾದಿಯಲ್ಲಿ ನಡೆದಿದ್ದರೆ, ನಾನು ನಿಂತ ಸರ್ವೆ ನಂಬರ್ ಬದಲಾಗುವುದು ಎರಡು ನಿಮಿಷದಲ್ಲಿ ಕಾಣುತ್ತಿತ್ತು. ಆ್ಯಪ್ ನನ್ನ ಫೋನಿನಲ್ಲಿ ಇತ್ತು ಕೂಡ. ಜಾಗದ ನಡುವೆ ನಿಂತು ನೋಡಿದ್ದೆ, ಹಾದಿಯಲ್ಲಿ ನೋಡಿರಲಿಲ್ಲ.

ಐದು ತಿಂಗಳು ಕೆಲಸ ನಿಂತಿತು. ಕೇಸು ಹಾಕಿ ಅಂದವರು ಹಲವರು. ನಮ್ಮ ಮನೆಯವರು, “ಪಕ್ಕದ ಮನೆಯವರ ಮೇಲೆ ಕೇಸು ಹಾಕಿ ಅವರ ಪಕ್ಕದಲ್ಲೇ ಮಲಗೋದಾ?” ಅಂದರು. ಕೊನೆಗೆ ಅಜ್ಜಿಯ ಮಗನ ಜೊತೆ ಕೂತು ಹದಿನೈದು ಅಡಿ ಅಗಲಕ್ಕೆ ದಾರಿ ಹಕ್ಕಿನ ಪತ್ರ ನೋಂದಣಿ ಮಾಡಿಸಿಕೊಂಡೆವು. 180 ಗುಣಿಸು 15, ಅಂದರೆ 2,700 ಚದರ ಅಡಿ, ಹತ್ತಿರ ಹತ್ತಿರ ಎರಡೂವರೆ ಗುಂಟೆ. ಅದಕ್ಕೆ ಕೊಟ್ಟ ದುಡ್ಡಿನಲ್ಲಿ ಅಡುಗೆಮನೆ, ಬಚ್ಚಲು ಎರಡೂ ಮುಗಿಯುತ್ತಿತ್ತು. ಹಾಗಾಗಿ ನಮ್ಮ ಅಡುಗೆಮನೆಗೆ ಇನ್ನೂ ಕಪಾಟಿನ ಬಾಗಿಲಿಲ್ಲ, ನಾನು ಹೊಲಿದ ಪರದೆ ಇದೆ.

ಆದ್ದರಿಂದ: ಟಾರು ರಸ್ತೆಯಿಂದ ನಿಮ್ಮ ಗೇಟಿನ ತನಕ ಪ್ರತಿ ಅಡಿಯೂ ಯಾರದು ಅಂತ ಗ್ರಾಮ ನಕಾಶೆಯಲ್ಲಿ ನೋಡಿ. ನಕಾಶೆಯಲ್ಲಿ ಇಲ್ಲದಿದ್ದರೆ ನೋಂದಣಿಯಾದ ಪತ್ರದಲ್ಲಿ ಇರಬೇಕು. ಎರಡರಲ್ಲೂ ಇಲ್ಲದಿದ್ದರೆ ದಾರಿ ಇಲ್ಲ, ಅಷ್ಟೇ.

ನೀರಿನ ಲೆಕ್ಕ

ನಮ್ಮ ನೆಲದಡಿ ಗಟ್ಟಿ ಬಂಡೆ. ನೀರು ಇರುವುದು ಬಂಡೆಯ ಬಿರುಕಿನಲ್ಲಿ, ಕೆರೆಯ ಹಾಗೆ ಹರಡಿಕೊಂಡು ಅಲ್ಲ. ಆದ್ದರಿಂದ ಪಕ್ಕದ ಹೊಲದಲ್ಲಿ ಎರಡು ಇಂಚು ನೀರು ಬಿದ್ದಿದೆ ಅಂದರೆ ನಿಮಗೂ ಬೀಳುತ್ತದೆ ಅಂತೇನಿಲ್ಲ. ತೆಂಗಿನಕಾಯಿ ಹಿಡಿದು ನೀರು ನೋಡುವವರು ತೋರಿಸಿದ ಜಾಗದಲ್ಲಿ ನಮಗೆ 780 ಅಡಿಗೆ ಬರೀ ಧೂಳು ಬಂತು. ಯಂತ್ರ ಇಟ್ಟು ನೋಡುವ ಭೂಗರ್ಭದವರು ತೋರಿಸಿದಲ್ಲಿ 560 ಅಡಿಗೆ ಒಂದೂಕಾಲು ಇಂಚು. ಇಬ್ಬರೂ ಒಂದೇ ಧೈರ್ಯದಲ್ಲಿ ಬೆರಳು ತೋರಿಸಿದ್ದರು ಅನ್ನುವುದನ್ನೂ ಹೇಳಿಬಿಡುತ್ತೇನೆ. ಕೊಳ್ಳುವ ಮೊದಲು ಸುತ್ತಲಿನ ಐದಾರು ಬೋರ್‌ವೆಲ್ ಎಷ್ಟು ಅಡಿ, ಯಾವ ವರ್ಷ ಕೊರೆಸಿದ್ದು, ಏಪ್ರಿಲ್‌ನಲ್ಲಿ ಎಷ್ಟು ಹೊತ್ತು ಓಡುತ್ತದೆ ಅಂತ ಕೇಳಿ ಬರೆದುಕೊಳ್ಳಿ. ಹೊಸದು ಹಳೆಯದಕ್ಕಿಂತ ಎಷ್ಟು ಆಳ ಹೋಗಿದೆ ಅನ್ನುವುದರಲ್ಲೇ ಆ ಊರಿನ ಮುಂದಿನ ಹತ್ತು ವರ್ಷ ಕಾಣುತ್ತದೆ. ಬಿದ್ದ ನೀರನ್ನು ಪರೀಕ್ಷೆ ಮಾಡಿಸದೆ ಕುಡಿಯಬೇಡಿ. ಫ್ಲೋರೈಡ್ ಲೀಟರಿಗೆ 1.5 ಮಿಲಿಗ್ರಾಂ ಮೀರಿದ್ದರೆ ಅದು ಪಾತ್ರೆ ತೊಳೆಯುವುದಕ್ಕೆ, ಅಷ್ಟೇ.

ನಾನು ಹೆಚ್ಚು ನಂಬುವುದು ಆಕಾಶವನ್ನು. ನಮ್ಮ ಚಾವಣಿ 1,000 ಚದರ ಅಡಿ, ಅಂದರೆ 93 ಚದರ ಮೀಟರ್. ವರ್ಷದ ಮಳೆಯನ್ನು ಕಡಿಮೆಯೇ ಹಿಡಿದು 800 ಮಿ.ಮೀ. ಅನ್ನೋಣ. 93 ಗುಣಿಸು 0.8, ಸುಮಾರು 74 ಘನ ಮೀಟರ್, ಅಂದರೆ 74,000 ಲೀಟರ್. ಸೋರಿದ್ದು, ಆರಿದ್ದು, ಮೊದಲ ಮಳೆ ಚೆಲ್ಲಿದ್ದು ಐದರಲ್ಲಿ ಒಂದು ಪಾಲು ಕಳೆದರೂ ಸುಮಾರು 60,000 ಲೀಟರ್ ಉಳಿಯುತ್ತದೆ. ನಮ್ಮಿಬ್ಬರಿಗೆ ದಿನಕ್ಕೆ 200 ಲೀಟರ್ ಸಾಕು. 60,000 ಭಾಗಿಸು 200, ಮುನ್ನೂರು ದಿನ. ಎಲ್ಲ ಹಿಡಿದಿಡಲು ದೊಡ್ಡ ತೊಟ್ಟಿ ಬೇಕಲ್ಲ ಅನ್ನುತ್ತೀರಿ. ಮಳೆ ಒಂದೇ ದಿನ ಬರುವುದಿಲ್ಲ, ಖರ್ಚು ಮಾಡುತ್ತಾ ತುಂಬುತ್ತಿರುತ್ತೇವೆ. ನಮ್ಮದು 20,000 ಲೀಟರಿನ ಸಂಪು. ನವೆಂಬರಿನಲ್ಲಿ ತುಂಬಿದ ಸಂಪು ಫೆಬ್ರವರಿ ತನಕ ಎಳೆಯುತ್ತದೆ. ಬೋರ್ ಬೇಕಾಗುವುದು ಅದಾದ ಮೇಲಿನ ಬೇಸಿಗೆಗೆ. ಮನೆ ಪ್ಲಾನು ಹಾಕಿಸುವಾಗಲೇ ಚಾವಣಿಯ ಇಳಿಜಾರನ್ನು ಸಂಪಿನ ಕಡೆಗೆ ಮಾಡಿಸಿ, ಆಮೇಲೆ ಪೈಪು ಎಳೆಯುವುದು ದಂಡ.

ಕರೆಂಟು, ಡಾಕ್ಟರು, ಚಿರತೆ

ಕರೆಂಟಿನ ಬಗ್ಗೆ ಒಂದೇ ಮಾತು. ಊರಿನ ಮನೆಗಳ ಲೈನು ಬೇರೆ, ಪಂಪ್‌ಸೆಟ್ಟಿನ ಲೈನು ಬೇರೆ. ಊರಿಂದ ದೂರ, ಹೊಲದ ನಡುವೆ ಇರುವ ತೋಟದ ಮನೆಗೆ ಪಂಪ್‌ಸೆಟ್ ಲೈನಿನಿಂದಲೇ ಬಂದರೆ ದಿನವಿಡೀ ಕರೆಂಟು ಇರುತ್ತದೆ ಅಂತ ನಂಬಬೇಡಿ. ಹತ್ತಿರದ ಟಿ.ಸಿ. (ಟ್ರಾನ್ಸ್‌ಫಾರ್ಮರ್) ಎಲ್ಲಿದೆ, ಅದರಿಂದ ಎಷ್ಟು ಕಂಬ ಬೇಕು, ಲೈನು ಯಾವುದು ಅಂತ ಲೈನ್‌ಮ್ಯಾನ್‌ರನ್ನೇ ಕೇಳಿ.

ಆಸ್ಪತ್ರೆಗೆ ರಾತ್ರಿ ಎಷ್ಟು ಹೊತ್ತು ಅಂತ ಒಂದು ಸಲ ನಿಜವಾಗಿ ಗಾಡಿ ಓಡಿಸಿ ನೋಡಿ. ತಾಲ್ಲೂಕು ಆಸ್ಪತ್ರೆಯಲ್ಲಿ ಹಾವಿನ ವಿಷಕ್ಕೆ ಔಷಧಿ ಇದೆಯೇ ಅಂತ ಮೊದಲೇ ವಿಚಾರಿಸಿ. ನಾಗರ, ಕೊಳಕು ಮಂಡಲ, ಕಟ್ಟು ಹಾವು ಮೂರೂ ಇಲ್ಲಿಯ ಹಳೆಯ ನಿವಾಸಿಗಳು, ನಾವು ಆಮೇಲೆ ಬಂದವರು. ಟಾರ್ಚು ಇಲ್ಲದೆ ಅಂಗಳಕ್ಕೆ ಇಳಿಯುವುದಿಲ್ಲ, ಸೌದೆಯನ್ನು ಗೋಡೆಗೆ ಒರಗಿಸುವುದಿಲ್ಲ. ಚಿರತೆ ಬರುತ್ತದೆ. ಜನರ ತಂಟೆಗೆ ಬಂದದ್ದು ನಾನು ಕಂಡಿಲ್ಲ, ನಮ್ಮ ಮೊದಲ ನಾಯಿಯನ್ನು ಮಾತ್ರ ಒಯ್ಯಿತು. ಎರಡನೆಯದು ರಾತ್ರಿ ಒಳಗೇ ಮಲಗುತ್ತದೆ.

ಕಾಂಪೌಂಡಿನ ಬಗ್ಗೆಯೂ ಕೇಳುತ್ತಾರೆ. ನಗರದಿಂದ ಬಂದವರು ಮೊದಲು ಮಾಡುವ ಕೆಲಸವೇ ಎಂಟು ಅಡಿ ಗೋಡೆ. ಗೋಡೆ ಎದ್ದ ದಿನ ಊರಿನವರು ನಿಮ್ಮನ್ನು ನೋಡುವುದನ್ನು ನಿಲ್ಲಿಸುತ್ತಾರೆ. ನೋಡುವವರಿಲ್ಲದ ಮನೆಗೆ ಕಳ್ಳರು ಧೈರ್ಯವಾಗಿ ಬರುತ್ತಾರೆ. ನಾವು ಸೊಂಟದೆತ್ತರ ಕಲ್ಲುಕೂಚ ನೆಟ್ಟು ತಂತಿ ಕಟ್ಟಿದ್ದೇವೆ. ಚಪ್ಪಡಿ ಹಾಕಿಸಿದ ಅಜ್ಜಿ ಆ ತಂತಿಯ ಮೇಲಿಂದಲೇ ಅವರೆಕಾಯಿ ಕಾಲದಲ್ಲಿ ಒಂದು ಮಡಿಲು ಸೊಗಡವರೆ ಕೊಟ್ಟು ಹೋಗುತ್ತಾರೆ. ನಾನು ಅವರ ಮೊಮ್ಮಗನಿಗೆ ಸಂಜೆ ಬೀಜಗಣಿತ ಹೇಳಿಕೊಡುತ್ತೇನೆ. ಊರೆಲ್ಲ ನನ್ನನ್ನು ‘ಟೀಚರಮ್ಮ’ ಅನ್ನುತ್ತದೆ, ಅಜ್ಜಿ ಮಾತ್ರ ಇನ್ನೂ ‘ಲಾರಿಯವ್ವ’.

ಕೊಳ್ಳುವ ಮುಂಚೆ ಬಾಡಿಗೆಗೆ ಇರಿ

ಇದನ್ನು ಮೊದಲೇ ಹೇಳಬೇಕಿತ್ತು, ಆದರೆ ಮೊದಲು ಹೇಳಿದರೆ ಯಾರೂ ಮುಂದೆ ಓದುವುದಿಲ್ಲ. ನೋಡಿದ ಊರಿನಲ್ಲೇ, ಅದು ಆಗದಿದ್ದರೆ ಹತ್ತಿರದ ಹೋಬಳಿ ಊರಿನಲ್ಲಿ, ಒಂದು ಸಣ್ಣ ಮನೆ ಬಾಡಿಗೆ ಹಿಡಿದು ಆರು ತಿಂಗಳು ಇರಿ. ಆ ಆರು ತಿಂಗಳಲ್ಲಿ ಏಪ್ರಿಲ್ ಇರಲೇಬೇಕು. ಜನ ಜಾಗ ನೋಡಲು ಬರುವುದು ಡಿಸೆಂಬರಿನಲ್ಲಿ. ಅವರೆ ಹೂ ಬಿಟ್ಟಿರುತ್ತದೆ, ರಾಗಿ ಕಟಾವಾಗಿ ಬಣವೆ ಎದ್ದಿರುತ್ತದೆ, ಕೆರೆಯಲ್ಲಿ ನೀರಿರುತ್ತದೆ, ಎಳೆ ಬಿಸಿಲು. ಡಿಸೆಂಬರಿನಲ್ಲಿ ನಮ್ಮ ಕಡೆಯ ಸ್ಮಶಾನವೂ ಚೆನ್ನಾಗಿಯೇ ಕಾಣುತ್ತದೆ. ಏಪ್ರಿಲ್‌ನಲ್ಲಿ ಬಂದು, ಮಧ್ಯಾಹ್ನ ಎರಡಕ್ಕೆ, ಕರೆಂಟು ಇಲ್ಲದಾಗ, ಬೋರ್ ಅರ್ಧ ಗಂಟೆಗೆ ಉಸಿರುಬಿಟ್ಟು ನಿಂತಾಗ, ಆಗಲೂ “ಇಲ್ಲೇ ಇರೋಣ” ಅನ್ನಿಸಿದರೆ ನಮ್ಮ ಮನೆಗೆ ಬನ್ನಿ. ಕಾಫಿ ಕೊಡುತ್ತೇನೆ, ಗುಂಟೆಗೆ ಎಷ್ಟು ಅಂತಲೂ ಹೇಳುತ್ತೇನೆ. ನಿಂಬೆಕಾಯಿ ಮಾತ್ರ ಕೇಳಿ ಕೀಳಿ.